ರೋಸ್ ಬೌಲ್ ಕಾರ್ಡುಗಳು: ಆ ಎರಡು ಗಜ ಯಾರ ಖಾತೆಗೆ?

ಮಾರ್ಚ್, ಮೊದಲ ವಾರ

2006ರ ಜನವರಿ 4ರ ರೋಸ್ ಬೌಲ್ ಪಂದ್ಯವನ್ನು, ಅಂದರೆ ಟೆಕ್ಸಸ್ ಮತ್ತು ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ತಂಡಗಳ ಅಮೆರಿಕನ್ ಕಾಲೇಜು ಫುಟ್‌ಬಾಲ್ ಪಂದ್ಯವನ್ನು, ಕಾರ್ಡುಗಳಿಗೆ ಇಳಿಸುವ ಕೆಲಸ ಕೊನೆಗೂ ಮೊದಲರ್ಧ ದಾಟಿದೆ. ಒಂದು ತಂಡದ ಕೈಗೆ ಚೆಂಡು ಬಂದಾಗಲೆಲ್ಲ ಒಂದು ಹೊಸ ಕಾರ್ಡು. ಎಲ್ಲಿಂದ ಹೊರಟರು, ಎಲ್ಲಿ ನಿಂತರು, ಹೇಗೆ ಮುಗಿಯಿತು, ಅಷ್ಟೇ ಬರೆಯುವುದು. ಟೆಕ್ಸಸ್‌ಗೆ ಕಿತ್ತಳೆ ಶಾಯಿ, ಯುಎಸ್‌ಸಿಗೆ ಕೆಂಪು. ಕೆಳಗಿನ ಮೂಲೆಯಲ್ಲಿ ಎರಡು ಚೌಕಗಳಿವೆ: ಆಕ್ರಮಣ, ರಕ್ಷಣೆ. ಆ ಕಾರ್ಡಿನ ಪಾಪ ಅಥವಾ ಪುಣ್ಯ ಯಾರದೋ ಆ ಚೌಕಕ್ಕೆ ಗುರುತು ಹಾಕಬೇಕು. ಅಂದುಕೊಂಡದ್ದು ಹಾಗೆ.

ಈ ಕೆಲಸ ಹುಟ್ಟಿದ್ದೇ ಜಗಳದಿಂದ. ಆಗ ನಾನು ಯುಎಸ್‌ಸಿಯಲ್ಲಿ ಎಂ.ಎಸ್. ಓದುತ್ತಿದ್ದೆ. ಸತತ 34 ಪಂದ್ಯ ಗೆದ್ದಿದ್ದ ತಂಡ ನಮ್ಮದು. ಕಾಲೇಜು ಆಟದ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಪಡೆದ ಇಬ್ಬರು, 2004ರ ಮ್ಯಾಟ್ ಲೈನಾರ್ಟ್ ಮತ್ತು 2005ರ ರೆಗ್ಗಿ ಬುಷ್, ಒಂದೇ ಆಕ್ರಮಣ ಪಡೆಯಲ್ಲಿ ಆಡುತ್ತಿದ್ದರು. ಎದುರಿಗೆ ಸತತ 19 ಗೆದ್ದಿದ್ದ ಟೆಕ್ಸಸ್. ಪ್ಯಾಸಡೀನಾದ ಆ ಮೈದಾನದಲ್ಲಿ 41–38ಕ್ಕೆ ನಾವು ಸೋತೆವು. ಅಂದಿನಿಂದ ನಮ್ಮ ಹಳೆಯ ಬಳಗ ಎರಡು ಬಣವಾಗಿದೆ. ಧಾರವಾಡದ ಗೆಳೆಯನ ಪ್ರಕಾರ ಕೊನೆಯ ಎರಡು ಗಜ ಓಡಲಾಗದ ಆಕ್ರಮಣವೇ ಸೋಲಿಗೆ ಕಾರಣ. ಹಾಸನದ ಗೆಳತಿಯ ಪ್ರಕಾರ 38 ಅಂಕ ಕೊಟ್ಟ ಮೇಲೂ ಕಾಯಲಾಗದ ರಕ್ಷಣೆಗೆ ಕ್ಷಮೆಯೇ ಇಲ್ಲ. ಆಸ್ಟಿನ್‌ನಲ್ಲಿರುವ ಭಾವ ಟೆಕ್ಸಸ್ ವಿಶ್ವವಿದ್ಯಾಲಯದವರು. ಅವರು ಇಬ್ಬರಿಗೂ ಒಂದೇ ಮಾತು ಹೇಳುತ್ತಾರೆ: "ನಿಮ್ಮವರು ಏನನ್ನೂ ತಪ್ಪು ಮಾಡಲಿಲ್ಲ ಮಾರಾಯಾ, ನಮ್ಮ ಬಳಿ ವಿನ್ಸ್ ಯಂಗ್ ಇದ್ದ, ಅಷ್ಟೇ." ಈ ಉದಾರತೆಯನ್ನು ಸಹಿಸುವುದೇ ಎಲ್ಲಕ್ಕಿಂತ ಕಷ್ಟ.

ಕೆಲಸದ ವಿಧಾನದ ಬಗ್ಗೆ ಒಂದೆರಡು ಮಾತು. ಹಳೆಯ ಪ್ರಸಾರವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೇನೆ. ದೊಡ್ಡ ತಲೆನೋವೆಂದರೆ, ಹಿಂದಿನ ಆಟದ ಮರುಪ್ರಸಾರ ತೋರಿಸುತ್ತಿರುವಾಗಲೇ ಮುಂದಿನ ಆಟ ಶುರುವಾಗಿಬಿಡುತ್ತದೆ. ಚೆಂಡು ಯಾವ ಗೆರೆಯ ಮೇಲಿತ್ತು ಎಂಬುದನ್ನು ಪಕ್ಕದಲ್ಲಿ ನಿಂತವನ ಕೈಯಲ್ಲಿರುವ ಕಂಬ ನೋಡಿ ಊಹಿಸಿ, ಆಮೇಲೆ ಅಧಿಕೃತ ಅಂಕಪಟ್ಟಿಯ ಜೊತೆ ತಾಳೆ ಹಾಕಬೇಕು. ಇದನ್ನು ಮನೆಯವರು ರಜಾದಿನದ ಹವ್ಯಾಸವೆಂದು ಒಪ್ಪಿಕೊಂಡಿದ್ದಾರೆ ಎಂದೇ ತಿಳಿದಿದ್ದೇನೆ.

ಮಾರ್ಚ್, ಕೊನೆಯ ವಾರ

ಮೊದಲರ್ಧದ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಮೂರು ಕೆಂಪು ಕಾರ್ಡುಗಳು ಕಣ್ಣಿಗೆ ಚುಚ್ಚುತ್ತವೆ.

ಒಂದನೆಯದು: ಮೊದಲ ಕ್ವಾರ್ಟರ್, ಟೆಕ್ಸಸ್‌ನ 17 ಗಜದ ಗೆರೆ, ನಾಲ್ಕನೇ ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು, ತಪ್ಪಿದರೆ ಚೆಂಡು ಎದುರಾಳಿಗೆ), ಬೇಕಾದದ್ದು ಒಂದೇ ಗಜ. ಲೈನಾರ್ಟ್ ತಾನೇ ನುಗ್ಗಲು ಹೋಗಿ ಸಿಕ್ಕಿಹಾಕಿಕೊಂಡರು. ಎರಡನೆಯದು: ಎರಡನೇ ಕ್ವಾರ್ಟರ್‌ನಲ್ಲಿ ಬುಷ್ ಚೆಂಡು ಹಿಡಿದು 37 ಗಜ ಓಡಿ, ಟೆಕ್ಸಸ್‌ನ 20ರ ಆಸುಪಾಸು ತಲುಪಿ, ಅಗತ್ಯವೇ ಇಲ್ಲದೆ ಪಕ್ಕದವನಿಗೆ ಎಸೆಯಲು ಹೋದರು. ಚೆಂಡು ನೆಲಕ್ಕೆ ಬಿತ್ತು, ಟೆಕ್ಸಸ್ ಎತ್ತಿಕೊಂಡಿತು. ಮೂರನೆಯದು: ಲೈನಾರ್ಟ್ ಎಸೆದ ಚೆಂಡನ್ನು ಟೆಕ್ಸಸ್‌ನ ಮೈಕೆಲ್ ಗ್ರಿಫಿನ್ ಎಂಡ್ ಝೋನ್‌ನಲ್ಲಿ, ಅಂದರೆ ಗೋಲು ಗೆರೆಯ ಆಚೆಗಿನ ಪಟ್ಟಿಯಲ್ಲಿ, ಹಾರಿ ಹಿಡಿದರು.

ಮೂರು ಸಲ ಬಾಗಿಲ ತನಕ ಹೋಗಿ ಸೊನ್ನೆ. ಇಂಥ ಜಾಗದ ಬೆಲೆ ಎಷ್ಟು ಎಂಬುದಕ್ಕೆ ಹಳೆಯ ಲೆಕ್ಕವೊಂದಿದೆ. ವರ್ಜಿಲ್ ಕಾರ್ಟರ್ ಎಂಬ ವೃತ್ತಿಪರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ), ರಾಬರ್ಟ್ ಮ್ಯಾಕೋಲ್ ಎಂಬ ಪ್ರಾಧ್ಯಾಪಕರ ಜೊತೆ ಸೇರಿ, 1969ರ ವೃತ್ತಿಪರ ಪಂದ್ಯಗಳ ಸಾವಿರಾರು ಆಟಗಳನ್ನು ಲೆಕ್ಕ ಹಾಕಿ 1971ರಲ್ಲಿ ಪ್ರಕಟಿಸಿದ್ದರು. ಎದುರಾಳಿಯ ಗೋಲು ಗೆರೆಗೆ 15 ಗಜ ಇರುವಾಗ ಮೊದಲ ಡೌನ್ ಸಿಕ್ಕರೆ ಸರಾಸರಿ ನಾಲ್ಕೂವರೆ ಅಂಕ. 25 ಗಜ ಇದ್ದರೆ ಮೂರೂವರೆಗಿಂತ ತುಸು ಹೆಚ್ಚು. ಕಾಲೇಜು ಆಟಕ್ಕೆ ಈ ಅಂಕಿಗಳು ಹಾಗೆಯೇ ಹೊಂದುವುದಿಲ್ಲ, ನಿಜ. ಕಂಜೂಸುತನದಿಂದ ಲೆಕ್ಕ ಹಾಕಿ ಮೂರೂ ಕಡೆ ಬರೀ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು ಪಡೆಯುವ ಮೂರಂಕ) ಎಂದು ಹಿಡಿದರೂ ಒಂಬತ್ತು ಅಂಕ. ನಾವು ಸೋತದ್ದು ಮೂರರಿಂದ.

ಹಾಗಾದರೆ ಧಾರವಾಡದವನು ಗೆದ್ದನೇ? ಅವನಿಗೆ ಫೋನ್ ಮಾಡಿ ಹೇಳಿದಾಗ ಬೇಸರವೇ ಆಯಿತು, ಏಕೆಂದರೆ ಅವನು ಇಷ್ಟು ವರ್ಷ ಬೈಯುತ್ತಿದ್ದದ್ದು ಬೇರೆ ಆಟವನ್ನು. ಅವನ ದುಃಖವೆಲ್ಲ ನಾಲ್ಕನೇ ಕ್ವಾರ್ಟರ್‌ನದು.

ಪಕ್ಕದ ಕಿತ್ತಳೆ ಕಾರ್ಡುಗಳನ್ನೂ ಓದಬೇಕು. ಬುಷ್ ಕೈಚೆಲ್ಲಿದ ನಂತರ ಟೆಕ್ಸಸ್ ಮೈದಾನದ ಅರ್ಧಕ್ಕೂ ಹೆಚ್ಚು ದೂರ ನಡೆದುಬಂದು 46 ಗಜದ ಫೀಲ್ಡ್ ಗೋಲ್ ಹೊಡೆಯಿತು. ಗ್ರಿಫಿನ್ ಹಿಡಿದ ನಂತರ 80 ಗಜ ಸಾಗಿ ಟಚ್‌ಡೌನ್, ಅಂದರೆ ಚೆಂಡಿನೊಡನೆ ಗೋಲು ಗೆರೆ ದಾಟಿ ಆರಂಕ. ಅಂದರೆ ಆಕ್ರಮಣ ಚೆಂಡು ಕಳೆದರೂ ರಕ್ಷಣೆಯ ಬೆನ್ನ ಹಿಂದೆ ಇಡೀ ಮೈದಾನವಿತ್ತು. ನಮ್ಮ ಗೋಲಿನ ಬುಡದಲ್ಲಿ ಚೆಂಡು ಕಳೆದಿದ್ದರೆ ರಕ್ಷಣೆಯನ್ನು ಬಿಡಬಹುದಿತ್ತು. ಇಲ್ಲಿ ಬಿಡುವಂತಿಲ್ಲ. ಆ ಎರಡೂ ಕಾರ್ಡುಗಳ ಎರಡೂ ಚೌಕಗಳಿಗೆ ಗುರುತು ಹಾಕಿ ಮುಂದೆ ಹೋದೆ.

ಆ 80 ಗಜದ ಓಟದಲ್ಲಿ ಇನ್ನೊಂದು ತೊಡಕಿದೆ. ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್ ವಿನ್ಸ್ ಯಂಗ್ ಕೊನೆಗೆ ಚೆಂಡನ್ನು ತಮ್ಮದೇ ತಂಡದ ಸೆಲ್ವಿನ್ ಯಂಗ್‌ಗೆ ದಾಟಿಸುವ ಮೊದಲೇ ವಿನ್ಸ್ ಅವರ ಮೊಣಕಾಲು ನೆಲ ಮುಟ್ಟಿತ್ತು, ಆಟ ಅಲ್ಲಿಗೇ ನಿಲ್ಲಬೇಕಿತ್ತು. ಟಿವಿಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಮರುಪರಿಶೀಲನೆ ಆಗಲಿಲ್ಲ, ಟಚ್‌ಡೌನ್ ಉಳಿಯಿತು. ಅದನ್ನು ಯಾವ ಚೌಕಕ್ಕೆ ಹಾಕುವುದು? ಹಾಸನದ ಗೆಳತಿ "ಭಾವನ ಚೌಕಕ್ಕೆ" ಎಂದಳು.

ಏಪ್ರಿಲ್, ಎರಡನೇ ವಾರ

ಎರಡನೇ ಅರ್ಧ ಬರೆಯುವುದು ಸಲೀಸಾಗಿತ್ತು. ಯಾರೂ ಯಾರನ್ನೂ ತಡೆಯಲಿಲ್ಲ.

ವಿರಾಮದ ನಂತರ ಯುಎಸ್‌ಸಿಯ ಮೊದಲ ನಾಲ್ಕು ಕಾರ್ಡುಗಳೂ ಟಚ್‌ಡೌನ್. ಲೆನ್‌ಡೇಲ್ ವೈಟ್ ಎರಡು, ಬುಷ್ ಒಂದು, ಡ್ವೇನ್ ಜ್ಯಾರೆಟ್ ಒಂದು. ಇದಕ್ಕಿಂತ ಹೆಚ್ಚು ಏನು ಕೇಳುವುದು? 6 ನಿಮಿಷ 42 ಸೆಕೆಂಡು ಉಳಿದಿದ್ದಾಗ ನಾವು 38–26. ಅಲ್ಲಿಂದ ಮುಂದೆ ಟೆಕ್ಸಸ್‌ನ ಎರಡು ಕಾರ್ಡುಗಳು, ಎರಡೂ ಟಚ್‌ಡೌನ್, ಎರಡನ್ನೂ ವಿನ್ಸ್ ಯಂಗ್ ತಾವೇ ಓಡಿ ಗಳಿಸಿದ್ದು. ಆ ರಾತ್ರಿ ಅವರು ಎಸೆದು 267 ಗಜ, ಓಡಿ 200 ಗಜ ಗಳಿಸಿದರು.

ಹಾಸನದ ಗೆಳತಿಯ ವಾದ ಇಲ್ಲಿ ಬಲವಾಗಿ ನಿಲ್ಲುತ್ತದೆ, ಅದಕ್ಕೆ ಇಡೀ ಋತುವಿನ ಸಾಕ್ಷ್ಯವೂ ಇದೆ. ಆ ವರ್ಷ ನಮ್ಮ ರಕ್ಷಣೆಯ ತೂತುಗಳನ್ನು ಆಕ್ರಮಣ ಮುಚ್ಚುತ್ತಾ ಬಂದಿತ್ತು. ನವೆಂಬರ್‌ನಲ್ಲಿ ಫ್ರೆಸ್ನೋ ಸ್ಟೇಟ್ ವಿರುದ್ಧ 50–42. ಅಂದು ಬುಷ್ ಒಬ್ಬರೇ ಎಲ್ಲ ಬಗೆಯಲ್ಲೂ ಸೇರಿ 513 ಗಜ ಗಳಿಸಬೇಕಾಯಿತು. ಅಕ್ಟೋಬರ್‌ನಲ್ಲಿ ನಾಟ್ರ ಡೇಮ್ ವಿರುದ್ಧ 34–31, ಅದೂ ಕೊನೆಯ ಕ್ಷಣದಲ್ಲಿ. ಗೆದ್ದಿದ್ದರಿಂದ ಯಾರೂ ಕೇಳಲಿಲ್ಲ.

ಆದರೂ ನನ್ನ ಕಾರ್ಡುಗಳ ಮಟ್ಟಿಗೆ ಆಕೆಯ ವಾದವನ್ನು ತಡೆಯುವ ಒಂದು ಅಂಕಿ ಇದೆ. ಆ ಋತುವಿನಲ್ಲಿ ಎರಡೂ ತಂಡಗಳು ಪಂದ್ಯಕ್ಕೆ ಸರಾಸರಿ ಸುಮಾರು 50 ಅಂಕ ಹೊಡೆಯುತ್ತಿದ್ದವು. ಅಂದರೆ 41 ಕೊಟ್ಟ ನಮ್ಮ ರಕ್ಷಣೆ ಟೆಕ್ಸಸ್ ಅನ್ನು ಅದರ ಸರಾಸರಿಗಿಂತ ಕೆಳಗೇ ಹಿಡಿದಿತ್ತು. 38 ಹೊಡೆದ ನಮ್ಮ ಆಕ್ರಮಣ ತನ್ನ ಸರಾಸರಿಗಿಂತ ಹತ್ತಕ್ಕೂ ಹೆಚ್ಚು ಅಂಕ ಹಿಂದಿತ್ತು. ಒಟ್ಟು ಗಜಗಳಲ್ಲಿ ನಾವೇ ಮುಂದೆ: 574, ಅವರದು 556. ಗಜ ಸಿಕ್ಕಿತು, ಅಂಕವಾಗಲಿಲ್ಲ. ಏಕೆ ಎಂಬುದನ್ನು ಮೊದಲರ್ಧದ ಆ ಮೂರು ಕಾರ್ಡುಗಳು ಹೇಳುತ್ತವೆ.

ಇದನ್ನು ಕ್ರಿಕೆಟ್ಟಿನ ಭಾಷೆಯಲ್ಲಿ ಹೇಳಲು ಹೋಗಿ ಅಣ್ಣನ ಬಳಿ ಸಿಕ್ಕಿಬಿದ್ದೆ. ಅದೇ ವರ್ಷದ ಮಾರ್ಚ್ 12ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಆಸ್ಟ್ರೇಲಿಯಾ 434 ಹೊಡೆದು, ದಕ್ಷಿಣ ಆಫ್ರಿಕಾ 438 ಮಾಡಿ ಗೆದ್ದದ್ದು ಯಾರಿಗೆ ನೆನಪಿಲ್ಲ? "ಅಲ್ಲಿ ಬೌಲರ್‌ಗಳನ್ನು ಬೈದೆವು, ಇಲ್ಲೂ ಹಾಗೆಯೇ ಬೈಯಿರಿ" ಎಂದ. ಹೋಲಿಕೆ ಅರ್ಧ ದಾರಿ ಮಾತ್ರ ಬರುತ್ತದೆ. ಅಲ್ಲಿ ಬ್ಯಾಟಿಂಗ್ ಮುಗಿದ ಮೇಲೆ ಬೌಲಿಂಗ್. ರನ್ ಎಷ್ಟೆಂದು ಬರೆದಾಗಿರುತ್ತದೆ. ಇಲ್ಲಿ ಅದೇ ತಂಡ ಕೆಲವು ನಿಮಿಷಕ್ಕೊಮ್ಮೆ ಬ್ಯಾಟು ಕೆಳಗಿಟ್ಟು ಚೆಂಡು ಹಿಡಿಯುತ್ತದೆ. ಬ್ಯಾಟು ಎಲ್ಲಿ ಕೆಳಗಿಟ್ಟರೋ ಅಲ್ಲಿಂದಲೇ ಎದುರಾಳಿಯ ಆಟ ಶುರು.

ಏಪ್ರಿಲ್, ಕೊನೆಯ ವಾರ

ಈಗ ಆ ಕಾರ್ಡು. ಬಹಳ ದಿನ ಇದನ್ನು ಬರೆಯದೆ ಮುಂದೂಡಿದ್ದೆ.

ನಾವು 38–33ರಲ್ಲಿ ಮುಂದೆ. ಎರಡು ನಿಮಿಷ ಚಿಲ್ಲರೆ ಬಾಕಿ. ಟೆಕ್ಸಸ್‌ನ 45 ಗಜದ ಗೆರೆ, ನಾಲ್ಕನೇ ಡೌನ್, ಎರಡು ಗಜ ಬೇಕು. ಸಿಕ್ಕರೆ ಪಂದ್ಯ ಬಹುಮಟ್ಟಿಗೆ ಮುಗಿದಂತೆ. ಕೋಚ್ ಪೀಟ್ ಕ್ಯಾರಲ್ ಚೆಂಡನ್ನು ದೂರಕ್ಕೆ ಒದೆಯದೆ, ಅಂದರೆ ಪಂಟ್ ಮಾಡದೆ, ಓಡಲು ನಿರ್ಧರಿಸಿದರು. ಬುಷ್ ಮೈದಾನದ ಹೊರಗೆ ನಿಂತಿದ್ದರು. ವೈಟ್ ನುಗ್ಗಿದರು, ಒಂದು ಗಜ ಮಾತ್ರ ಸಿಕ್ಕಿತು. 2:09 ಉಳಿದಿರುವಂತೆ ಟೆಕ್ಸಸ್ ಕೈಗೆ ಚೆಂಡು, ಗೋಲಿಗೆ 56 ಗಜ.

ಪಂಟ್ ಮಾಡಬೇಕಿತ್ತೇ? ಸರಳ ಲೆಕ್ಕ ಹೀಗಿದೆ. ಐದು ಅಂಕ ಹಿಂದಿದ್ದ ಟೆಕ್ಸಸ್‌ಗೆ ಟಚ್‌ಡೌನ್ ಬಿಟ್ಟು ಬೇರೆ ದಾರಿಯಿಲ್ಲ. ಎರಡು ಗಜ ಗಳಿಸುವ ಸಾಧ್ಯತೆ ನೂರಕ್ಕೆ 60 ಎಂದು ಊಹಿಸೋಣ. ಆಗ ಟೆಕ್ಸಸ್‌ಗೆ 56 ಗಜದ ಅವಕಾಶ ಸಿಗುವುದು ನೂರಕ್ಕೆ 40 ಸಲ. ಪಂಟ್ ಮಾಡಿದರೆ ನೂರಕ್ಕೆ ನೂರು ಸಲ ಚೆಂಡು ಅವರದೇ, ಆದರೆ ಸುಮಾರು 80–85 ಗಜ ದೂರದಿಂದ. ಆದ್ದರಿಂದ ಪಂಟ್ ಮೇಲಾಗಬೇಕಾದರೆ ಆ ಹೆಚ್ಚುವರಿ ದೂರ ಯಂಗ್ ಅವರ ಯಶಸ್ಸನ್ನು ಅರ್ಧಕ್ಕಿಂತಲೂ ಕೆಳಗೆ, ಐದರಲ್ಲಿ ಎರಡು ಭಾಗಕ್ಕೆ ಇಳಿಸಬೇಕು. ಆ ರಾತ್ರಿ 80 ಗಜ ಸಾಗಿ ತೋರಿಸಿದ್ದವರು, ಸ್ವಲ್ಪ ಮೊದಲಷ್ಟೇ 69 ಗಜ ಸಾಗಿ ಬಂದವರು ಅವರು. ನನಗೆ ಆ ನಂಬಿಕೆ ಬರುವುದಿಲ್ಲ. ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ ತಂಡಗಳು ಅಗತ್ಯಕ್ಕಿಂತ ಹೆಚ್ಚಾಗಿ ಪಂಟ್ ಮಾಡುತ್ತವೆ ಎಂದು 2002ರಲ್ಲೇ ಬರೆದಿದ್ದರು. ಕ್ಯಾರಲ್ ಸರಿಯಾಗಿಯೇ ನಿರ್ಧರಿಸಿದರು.

"ಬುಷ್ ಯಾಕೆ ಹೊರಗಿದ್ದ?" ಎಂದು ಧಾರವಾಡದವನು ಈಗಲೂ ಕೂಗುತ್ತಾನೆ. ವೈಟ್ ಆ ರಾತ್ರಿ 124 ಗಜ, ಮೂರು ಟಚ್‌ಡೌನ್ ಗಳಿಸಿದ್ದರು. ಎರಡು ಗಜಕ್ಕೆ ಚೆಂಡು ಕೊಡಬೇಕಾದದ್ದು ಅವರಿಗೇ. ಬುಷ್‌ರನ್ನು ಬರೀ ಕಣ್ಣುಕಟ್ಟಿಗಾದರೂ ನಿಲ್ಲಿಸಬಹುದಿತ್ತು ಎಂಬ ಭಾಗವನ್ನು ಮಾತ್ರ ಒಪ್ಪುತ್ತೇನೆ. ಹೊರಗೆ ನಿಂತ ಹೈಸ್‌ಮನ್ ವಿಜೇತನನ್ನು ಯಾವ ರಕ್ಷಕನೂ ಕಾಯಬೇಕಿಲ್ಲ.

ಚೌಕಗಳ ಯೋಜನೆ ಕುಸಿದದ್ದು ಈ ಕಾರ್ಡಿನಲ್ಲಿ. ಓಡಿದ್ದು ಆಕ್ರಮಣ, ಸೋತದ್ದೂ ಆಕ್ರಮಣ. ಓಡಬೇಕಾಗಿ ಬಂದದ್ದು ಏಕೆ? 85 ಗಜ ಕೊಟ್ಟರೂ ನಮ್ಮ ರಕ್ಷಣೆ ಯಂಗ್‌ರನ್ನು ತಡೆಯುತ್ತದೆ ಎಂಬ ಭರವಸೆ ಇರಲಿಲ್ಲ. ಕ್ಯಾರಲ್ ವೃತ್ತಿಯುದ್ದಕ್ಕೂ ರಕ್ಷಣೆಯನ್ನೇ ಕಲಿಸಿ ಹೆಸರಾದವರು. ತನ್ನ ಪಡೆಯ ಬಗ್ಗೆ ಅವರಿಗಿಂತ ಚೆನ್ನಾಗಿ ತಿಳಿದವರಿಲ್ಲ. ಆ ಎರಡು ಗಜದ ಓಟ ರಕ್ಷಣೆಯ ಮೇಲೆ ಅವರೇ ಬರೆದ ತೀರ್ಪು ಎಂದು ನಾನು ಓದುತ್ತೇನೆ. ಕಾರ್ಡಿನ ಕೆಳಗಿನ ಎರಡೂ ಚೌಕಗಳನ್ನು ಅಳಿಸಿ "ಮುಂದಿನ ಕಾರ್ಡು ನೋಡಿ" ಎಂದು ಬರೆದೆ. ಈಗ ಎಲ್ಲ ಕಾರ್ಡುಗಳಲ್ಲೂ ಚೌಕದ ಬದಲು ಬಾಣದ ಗುರುತು: ಈ ಆಟ ಮುಂದಿನ ಯಾವ ಆಟವನ್ನು ಹುಟ್ಟಿಸಿತು ಎಂಬುದು.

ಮುಂದಿನ ಕಾರ್ಡು ರಕ್ಷಣೆಯ ಪಾಲಿಗೆ ಕೆಟ್ಟದ್ದೇ. ಮೂರನೇ ಡೌನ್, 12 ಗಜ ಬೇಕಿತ್ತು. ಟೆಕ್ಸಸ್‌ನ ಕ್ವಾನ್ ಕಾಸ್ಬಿಗೆ ಏಳು ಗಜದ ಪಾಸ್ ಬಿಟ್ಟುಕೊಟ್ಟದ್ದು ಸರಿ, ಅಲ್ಲಿಗೆ ನಾಲ್ಕನೇ ಡೌನ್‌ಗೆ ಐದು ಗಜ ಉಳಿಯುತ್ತಿತ್ತು. ಹಿಡಿದವನ ಹೆಲ್ಮೆಟ್ಟಿನ ಜಾಲರಿ ಎಳೆದದ್ದಕ್ಕೆ ಐದು ಗಜದ ದಂಡ ಬಿತ್ತು. ಏಳು, ಐದು, ಹನ್ನೆರಡು. ಇಷ್ಟು ಕರಾರುವಾಕ್ಕಾಗಿ ಯಾರೂ ಸಾಲ ತೀರಿಸಿಕೊಟ್ಟಿರಲಾರರು. ಕೊನೆಗೆ ಎಂಟು ಗಜದ ಗೆರೆಯಲ್ಲಿ ನಾಲ್ಕನೇ ಡೌನ್, ಐದು ಗಜ ಬೇಕಿದ್ದಾಗ ಯಂಗ್ ಬಲಕ್ಕೆ ಓಡಿ ಮೂಲೆ ಸೇರಿದರು. ಉಳಿದದ್ದು 19 ಸೆಕೆಂಡು. ಟಚ್‌ಡೌನ್ ನಂತರ ಸಿಗುವ ಎರಡಂಕದ ಯತ್ನವನ್ನೂ ಅವರೇ ಓಡಿ ಮುಗಿಸಿದರು.

ಮೇ, ಮೊದಲ ವಾರ

ಬಾಣಗಳನ್ನು ಹಾಕಿದ ಮೇಲೆ ಇಬ್ಬರಿಗೂ ಕಾರ್ಡುಗಳ ಚಿತ್ರ ಕಳುಹಿಸಿದೆ. ನನ್ನ ಅಭಿಪ್ರಾಯವನ್ನೂ ಬರೆದೆ: ಅತಿ ಹೆಚ್ಚು ಬಾಣಗಳು ಹೊರಡುವುದು ಮೊದಲರ್ಧದ ಆ ಮೂರು ಕೆಂಪು ಕಾರ್ಡುಗಳಿಂದ, ಒಬ್ಬರನ್ನು ಬೈಯಲೇಬೇಕಾದರೆ ಆ ಅರ್ಧದ ಆಕ್ರಮಣವನ್ನು ಬೈಯಿರಿ, ವೈಟ್‌ರನ್ನು ಬಿಟ್ಟುಬಿಡಿ. ಇಬ್ಬರೂ ಒಪ್ಪಲಿಲ್ಲ. ಭಾವ ಮಾತ್ರ ಒಂದು ಕೊರತೆ ತೋರಿಸಿದರು: "ನಮ್ಮ ಒದೆತದವರ ಕಾರ್ಡು ಎಲ್ಲಿ? ಪಂಟ್ ಹಿಡಿಯಲಾಗದೆ ಕೈಬಿಟ್ಟು ನಿಮಗೆ ಮೊದಲ ಟಚ್‌ಡೌನ್ ಕೊಟ್ಟವರು ನಾವು. ಒಂದಂಕದ ಒದೆತ ತಪ್ಪಿತು, 31 ಗಜದ ಫೀಲ್ಡ್ ಗೋಲ್ ತಪ್ಪಿತು. ಅದನ್ನೆಲ್ಲ ಬರೆದರೆ, ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೂ ನೀವು ಸೋತಿರಿ ಎಂದು ತಿಳಿಯುತ್ತದೆ."

ನ್ಯಾಯವಾದ ಮಾತು. ಒದೆತದ ಕಾರ್ಡುಗಳಿಗೆ ಹಸಿರು ಶಾಯಿ ತಂದಿದ್ದೇನೆ. ಅದು ಮುಗಿದ ಮೇಲೆ 2018ರ ಜನವರಿ 1ರ ರೋಸ್ ಬೌಲ್ ಎತ್ತಿಕೊಳ್ಳುವ ಯೋಚನೆ: ಓಕ್ಲಹೋಮ 48 ಅಂಕ ಹೊಡೆದು ಜಾರ್ಜಿಯಾದ 54ಕ್ಕೆ ಎರಡನೇ ಓವರ್‌ಟೈಮ್‌ನಲ್ಲಿ ಸೋತ ಪಂದ್ಯ. ಅಲ್ಲಿನ ಅಭಿಮಾನಿಗಳೂ ರಕ್ಷಣೆಯನ್ನೇ ಬೈದರು. ವಿರಾಮಕ್ಕೆ ಸೆಕೆಂಡುಗಳಿರುವಾಗ ಓಕ್ಲಹೋಮ ಗಿಡ್ಡವಾಗಿ ಒದ್ದ ಒಂದು ಚೆಂಡು, ಅದರ ಬೆನ್ನಿಗೇ ಜಾರ್ಜಿಯಾ ಹೊಡೆದ 55 ಗಜದ ಫೀಲ್ಡ್ ಗೋಲ್, ಇವೆರಡರ ನಡುವಿನ ಬಾಣವನ್ನು ಮೊದಲು ಬರೆಯುತ್ತೇನೆ.