ಕಾರ್ಡ್ ಇದ್ದರೂ ಕೇಳುವುದು ಮನೆಯವರನ್ನೇ

ಹಾಸನದ ಒಂದು ಆಸ್ಪತ್ರೆಯ ಐಸಿಯುನಲ್ಲಿ ನರ್ಸ್ ಆಗಿದ್ದೇನೆ. ಶಿರಾಡಿ ಘಾಟಿ, ಸಕಲೇಶಪುರ ಕಡೆಯಿಂದ ತಲೆಗೆ ಪೆಟ್ಟಾದವರು ಬರುತ್ತಲೇ ಇರುತ್ತಾರೆ, ಜಾಸ್ತಿ ಬೈಕಿನಿಂದ ಬಿದ್ದ ಹುಡುಗರು. ಕೆಲವರ ಮೆದುಳು ಪೂರ್ತಿ ನಿಂತುಹೋಗಿರುತ್ತದೆ. ಅಂಗಾಂಗ ದಾನದ ಮಾತು ಬರುವುದು ಆಗಲೇ. ಸಾವಿನ ಸುದ್ದಿಯನ್ನೂ ದಾನದ ಮಾತನ್ನೂ ಒಟ್ಟಿಗೆ ಹೇಳಲೇಬಾರದು ಅನ್ನುವುದು ಈ ಕೆಲಸ ನನಗೆ ಕಲಿಸಿದ ಪಾಠ.

4 ಜನ ವೈದ್ಯರ ತಂಡ, ಕನಿಷ್ಠ 6 ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಮಾಡಿದ ಮೇಲೇ ಮೆದುಳು ಸತ್ತಿದೆ ಎಂದು ಸಹಿ ಹಾಕುತ್ತದೆ. ಆದರೆ ಮೈ ಬೆಚ್ಚಗಿರುತ್ತದೆ, ಮಾನಿಟರ್‌ನಲ್ಲಿ ಗೆರೆ ಓಡುತ್ತಿರುತ್ತದೆ. "ಎದೆ ಏರ್ತಾ ಇಳೀತಾ ಇದೆಯಲ್ಲ ಸಿಸ್ಟರ್, ಹೆಂಗೆ ಹೋದ ಅಂತೀರಿ?" ಎಂದು ಅಣ್ಣನೋ ಮಾವನೋ ಕೇಳುತ್ತಾರೆ. ಮೊದಲು ಇದಕ್ಕೆ ಉತ್ತರ ಕೊಡಬೇಕು. ಉಸಿರಾಡಿಸುತ್ತಿರುವುದು ಮಿಷನ್, ಅದನ್ನು ಬಿಡಿಸಿ ಕಾದು ನೋಡಿದಾಗ ತಾನಾಗಿ ಒಂದು ಉಸಿರೂ ಬರಲಿಲ್ಲ ಎಂದು ಕೂರಿಸಿಕೊಂಡು ಹೇಳಬೇಕು. ಅವರು ಅಳಲಿ, ಊರಿನವರಿಗೆ ಫೋನ್ ಮಾಡಲಿ. ದಾನದ ಮಾತು ಆಮೇಲೆ, ಅದನ್ನೇ ಕಲಿತ ಕೋಆರ್ಡಿನೇಟರ್ ಬಂದು ಆಡಬೇಕು.

ನಮ್ಮ 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಒಪ್ಪಿಗೆ ಇಲ್ಲದೆ ಏನನ್ನೂ ತೆಗೆಯುವಂತಿಲ್ಲ. ಸತ್ತವರು ಅಂಗಾಂಗ ಕೊಡುತ್ತೇನೆ ಎಂದು ದಾನಿ ಕಾರ್ಡ್ ಮಾಡಿಸಿದ್ದರೂ ನಾವು ಮನೆಯವರನ್ನು ಕೇಳುತ್ತೇವೆ. ಬೇಡ ಅನ್ನದವರೆಲ್ಲ ದಾನಿಗಳು ಎಂದು ಕಾನೂನು ಮಾಡಿದರೆ ಸರಿಹೋಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಸ್ಪೇನ್‌ನಲ್ಲಿ 1979ರಿಂದ ಅಂಥ ಕಾನೂನು ಇದೆ, ಆದರೂ ಅಲ್ಲಿ ಮನೆಯವರನ್ನು ಕೇಳಿಯೇ ಮುಂದುವರಿಯುತ್ತಾರೆ. ಅಲ್ಲಿ ದಾನ ಹೆಚ್ಚಿದ್ದು 1989ರಲ್ಲಿ ರಾಷ್ಟ್ರೀಯ ಸಂಸ್ಥೆ ಕಟ್ಟಿ, ಆಸ್ಪತ್ರೆಗಳಲ್ಲಿ ಇದಕ್ಕೆಂದೇ ತರಬೇತಾದ ವೈದ್ಯರನ್ನು ಇಟ್ಟ ಮೇಲೆ.

ಇನ್ನೊಂದು ಕಡೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಬರುವವರು ಇದ್ದಾರೆ. ಅಂಗಾಂಗ ಹಂಚಿಕೆ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿರುವವರ ಪಾಲಿಗೆ ಐಸಿಯು ಬಾಗಿಲಲ್ಲಿ ನಾವು ಅವಸರದಲ್ಲಿ ಆಡಿದ ಒಂದು ಮಾತಿನಿಂದ ಕಿಡ್ನಿ ತಪ್ಪಿಹೋಗಬಹುದು, ಅಲ್ವಾ?

"ಅಪ್ಪು ಕೊಟ್ಟಿದ್ರಲ್ಲ, ನಾವೂ ಕೊಡ್ತೀವಿ" ಎನ್ನುವವರೂ ಇದ್ದಾರೆ. 2021ರಲ್ಲಿ ಪುನೀತ್ ಅವರ ಕಣ್ಣು ದಾನವಾದದ್ದು ನಮ್ಮ ಹಳ್ಳಿಗಳಿಗೂ ಗೊತ್ತು. ಕಣ್ಣನ್ನು ಹೃದಯ ನಿಂತ ಮೇಲೂ ಕೆಲವು ಗಂಟೆಯೊಳಗೆ ತೆಗೆಯಬಹುದು. ಹೃದಯ ಹಾಗಲ್ಲ, ಬಡಿಯುತ್ತಿರುವಾಗಲೇ ಒಪ್ಪಿಗೆ ಸಿಗಬೇಕು, ತೆಗೆದ ಮೇಲೆ ಸುಮಾರು 4 ಗಂಟೆಯಲ್ಲಿ ಇನ್ನೊಬ್ಬರ ಎದೆಗೆ ಸೇರಬೇಕು.

ಒಪ್ಪಿದವರು ಆಮೇಲೆ ಕೇಳುವುದು ಹೆಚ್ಚಾಗಿ ಒಂದನ್ನೇ, ಬಾಡಿ ಯಾವಾಗ ಕೊಡ್ತೀರಿ ಎಂದು. ಅಪಘಾತವಾದರೆ ಪೊಲೀಸರ ಮಹಜರು, ಪೋಸ್ಟ್‌ಮಾರ್ಟಂ ಇರುತ್ತದೆ, ತಡವಾಗುತ್ತದೆ. ಅದನ್ನು ಸಹಿಗೆ ಮೊದಲೇ ಹೇಳಿಬಿಡುತ್ತೇವೆ.