ತಾಳ ತಪ್ಪಿದ ಮಿಕ್ಕಿ

ಈ ವಾರ ಮೊಬೈಲಿನಲ್ಲಿ ಹರಿದಾಡಿದ, ವಾಲ್ಟ್ ಡಿಸ್ನಿಯವರ ಮಿಕ್ಕಿ ಮೌಸ್ ಕಾರ್ಟೂನ್ ‘ಸ್ಟೀಮ್‌ಬೋಟ್ ವಿಲ್ಲಿ’ಯ ತುಣುಕೊಂದು ನೋಡಿ ಸಂಕಟವಾಯಿತು. 2024ರ ಜನವರಿ 1ಕ್ಕೆ ಅಮೆರಿಕದಲ್ಲಿ ಅದರ ಹಕ್ಕುಸ್ವಾಮ್ಯ ಮುಗಿದಿದೆ, ಯಾರು ಬೇಕಾದರೂ ಬಳಸಬಹುದು, ಸರಿ. ಆದರೆ ಮೂಲ ಸಂಗೀತ ಕಿತ್ತು ಡಿಜೆ ಬೀಟ್ ಕೂರಿಸಿದ್ದಾರೆ. ಚುಕ್ಕಾಣಿ ಹಿಡಿದು ಸಿಳ್ಳೆ ಹಾಕುವ ಮಿಕ್ಕಿಯ ಕಾಲು ಒಂದು ಕಡೆ, ತಾಳ ಇನ್ನೊಂದು ಕಡೆ.

ಆ ಸಿಳ್ಳೆಯನ್ನು ಮೂಲದಲ್ಲಿ ಮತ್ತೆ ಮತ್ತೆ ನೋಡಿ. ಮೊಣಕಾಲು ಬಗ್ಗುತ್ತದೆ, ಸೊಂಟ ತೂಗುತ್ತದೆ, ಪಾದ ನೆಲ ತಟ್ಟುತ್ತದೆ. ಮುಖದಲ್ಲಿರುವುದು ನಾಲ್ಕಾರು ಗೆರೆ ಅಷ್ಟೆ, ಖುಷಿಯೆಲ್ಲ ಮೈಯ ಲಯದಲ್ಲಿದೆ. ಇದೇ ಮಿಕ್ಕಿಯ ಎರಡು ಮೂಕಿ ಚಿತ್ರಗಳು, ‘ಪ್ಲೇನ್ ಕ್ರೇಜಿ’ ಮತ್ತು ‘ಗ್ಯಾಲಪಿನ್ ಗೌಚೊ’, ಮೊದಲೇ ತಯಾರಾಗಿದ್ದವು. ಬಿಡಿಸಿದ ಕೈ ಅದೇ, ಡಿಸ್ನಿಯ ಜೊತೆಗಾರ ಕಲಾವಿದ ಅಬ್ ಐವರ್ಕ್ಸ್ ಅವರದು, ಆದರೂ ಹಂಚಿಕೆದಾರರು ಮುಟ್ಟಲಿಲ್ಲ. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲನಿ ಥಿಯೇಟರಿನಲ್ಲಿ ಜನ ಒಪ್ಪಿಕೊಂಡದ್ದು ದನಿ ಕೂಡಿದ ಮಿಕ್ಕಿಯನ್ನು.

ತಾಳದ ಲೆಕ್ಕಕ್ಕೆ ದಾರಿ ತೋರಿಸಿದವರು ಡಿಸ್ನಿ ಸ್ಟುಡಿಯೊದಲ್ಲಿದ್ದ ವಿಲ್ಫ್ರೆಡ್ ಜಾಕ್ಸನ್. ತಾಯಿ ಸಂಗೀತದ ಟೀಚರ್ ಆಗಿದ್ದರಿಂದ ಅವರಿಗೆ ತಾಳ ಎಣಿಸುವ ಯಂತ್ರ ಮೆಟ್ರೊನೋಮ್ ಗೊತ್ತಿತ್ತು. ಡಿಸ್ನಿಯನ್ನು ಹೊಗಳುವ ಭರದಲ್ಲಿ ಇವರನ್ನು ಮರೆಯುವುದು ಅನ್ಯಾಯ. ಟಾಕಿ ಚಿತ್ರ ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿ ಸ್ಥಿರಚಿತ್ರ, ಓಡುತ್ತದೆ, ನಿಮಿಷಕ್ಕೆ 1440. ತಾಳ ನಿಮಿಷಕ್ಕೆ 120 ಎಂದು ಹಿಡಿದರೆ ಒಂದು ಬಡಿತಕ್ಕೆ 12 ಫ್ರೇಮು. ಬಿಡಿಸಿದ ಒಂದೊಂದು ಚಿತ್ರವನ್ನೂ ಎರಡೆರಡು ಫ್ರೇಮು ನಿಲ್ಲಿಸಿದರೆ ಒಂದು ಬಡಿತಕ್ಕೆ 6 ಚಿತ್ರ ಬಿಡಿಸಿದರೆ ಸಾಕು. ಇಷ್ಟು ಲೆಕ್ಕವಿದ್ದೂ ನ್ಯೂಯಾರ್ಕಿನ ಮೊದಲ ಧ್ವನಿಮುದ್ರಣ ಕೆಟ್ಟಿತು, ವಾದ್ಯದವರಿಗೆ ಚಿತ್ರದ ಜೊತೆ ಹೆಜ್ಜೆ ಹಾಕಲಾಗಲಿಲ್ಲ. ಎರಡನೆಯ ಸಲ ಫಿಲ್ಮಿನ ಮೇಲೆಯೇ ಪುಟಿಯುವ ಚೆಂಡು ಮೂಡಿಸಿ, ಅದನ್ನು ನೋಡುತ್ತ ನುಡಿಸಿದರು.

ಅದೇ 12 ಫ್ರೇಮಿನ ನಡಿಗೆಗೆ ನಿಮಿಷಕ್ಕೆ 128ರ ಬೀಟ್ ಹಾಕಿದರೆ ಬಡಿತಕ್ಕೆ 11.25 ಫ್ರೇಮು. ಮುಕ್ಕಾಲು ಫ್ರೇಮಿನ ವ್ಯತ್ಯಾಸ ಮೊದಲಿಗೆ ಕಣ್ಣಿಗೆ ಬೀಳುವುದಿಲ್ಲ. 8 ಬಡಿತ ಕಳೆಯುವಷ್ಟರಲ್ಲಿ 6 ಫ್ರೇಮು ಸರಿದು, ಪಾದ ಎರಡು ಬಡಿತಗಳ ನಡುವೆ ಬೀಳುತ್ತದೆ. ಹಾಡಿಗೆ ಕುಣಿಯುತ್ತಿದ್ದವನು ಆಗ ಸುಮ್ಮನೆ ಕುಲುಕುವ ಗೊಂಬೆ. ಮೇಕೆಯ ಬಾಲ ತಿರುಗಿಸಿ ಹಾಡು ಹೊರಡಿಸುವ ಮಿನ್ನಿಯ ಗತಿಯೂ ಅದೇ. ಬಾಲ ತಿರುಗಿದ್ದಕ್ಕೇ ಹಾಡು ಬಂತು ಎಂದು ಕಿವಿ ನಂಬದಿದ್ದರೆ ನಗು ಎಲ್ಲಿಂದ ಬರಬೇಕು?

ಸಂಗೀತ ಬದಲಿಸಲೇಬೇಕೆನ್ನುವವರು ಮೊದಲು 24 ಫ್ರೇಮಿನ ಪ್ರತಿ ಹುಡುಕಲಿ, 30ಕ್ಕೆ ಬದಲಿಸಿದ ವಿಡಿಯೊದಲ್ಲಿ ಎಣಿಕೆ ತಪ್ಪುತ್ತದೆ. ಪಾದ ನೆಲ ತಟ್ಟುವ ಫ್ರೇಮುಗಳನ್ನು ಗುರುತಿಸಿ, ನಡುವಿನ ಅಂತರದಿಂದ 1440 ಭಾಗಿಸಲಿ: ಅಂತರ 10 ಫ್ರೇಮು ಇದ್ದರೆ ನಿಮಿಷಕ್ಕೆ 144ರ ತಾಳ, 16 ಇದ್ದರೆ 90. ಕೂರಿಸುವಾಗ ಪಾದ ಒಂದೆರಡು ಫ್ರೇಮು ಮುಂದಿರಲಿ, ಸದ್ದು ಹಿಂದೆ ಬರಲಿ. ಸದ್ದು ಮೊದಲು ಬಂದರೆ ಮಿಕ್ಕಿ ತಡವರಿಸಿದಂತೆ ಕಾಣುತ್ತಾನೆ.