ಕೊಟ್ಟಿಗೆಯ ಬಾಗಿಲಲ್ಲೇ ಅರ್ಧ ತಪಾಸಣೆ

ಶಿರಸಿ ಸುತ್ತಲಿನ ಹಳ್ಳಿಗಳಿಗೆ ದನ ನೋಡಲು ಹೋದರೆ ನಾನು ತಕ್ಷಣ ಥರ್ಮಾಮೀಟರ್ ತೆಗೆಯುವುದಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತೇನೆ. ಅಷ್ಟರೊಳಗೆ ಚಾ ಬಂದಿರುತ್ತದೆ (ಸಕ್ಕರೆ ಜಾಸ್ತಿ, ಹೇಳಿ ಪ್ರಯೋಜನವಿಲ್ಲ).

ಮೆಲುಕು ಹಾಕುತ್ತಿದೆಯೇ? ಆರೋಗ್ಯವಾಗಿರುವ ಹಸು ದಿನಕ್ಕೆ ಸುಮಾರು 6ರಿಂದ 8 ಗಂಟೆ ಮೆಲುಕು ಹಾಕುತ್ತದೆ. ಮೆಲುಕು ನಿಂತಿದ್ದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ. ಬೆನ್ನು ಬಾಗಿಸಿ ಹಲ್ಲು ಕಡಿಯುತ್ತಿದ್ದರೆ ನೋವು. ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುತ್ತ ಕಾಲು ಝಾಡಿಸಿದರೆ ಹೊಟ್ಟೆನೋವಿನ ಅನುಮಾನ. ದನ ನರಳಿ ಹೇಳುವುದು ಕಡಿಮೆ. ನೋವು ತೋರಿಸಿಕೊಂಡರೆ ಹುಲಿಗೆ ಸುಲಭದ ತುತ್ತು, ಆ ಹಳೇ ಬುದ್ಧಿ ಕೊಟ್ಟಿಗೆಗೆ ಬಂದರೂ ಹೋಗಿಲ್ಲ.

ಮಲೆನಾಡು ಗಿಡ್ಡ ಎಂಬ ನಾಟಿ ತಳಿಯದ್ದು ಬೇರೆಯೇ ಕಥೆ. ಆಕಾರ ಚಿಕ್ಕದು, ಬೆಟ್ಟದಲ್ಲಿ ಮೇದು ಬೆಳೆದದ್ದು, ಹೊಸಬರನ್ನು ಹತ್ತಿರ ಬಿಡದು. ನಾಲ್ಕು ಜನ ಸೇರಿ ಕೆಡವಿ ಹಿಡಿದರೆ ಗಾಬರಿಗೇ ಮೈ ಬಿಸಿಯಾಗುತ್ತದೆ, ನಾಡಿ ಏರುತ್ತದೆ. ಆಮೇಲೆ ಬಂದ ಅಂಕಿಯನ್ನು ನಂಬುವುದು ಹೇಗೆ? ನೇರ ಬೆನ್ನ ಹಿಂದಿರುವುದು ದನಕ್ಕೆ ಕಾಣಿಸುವುದಿಲ್ಲ; ಹಾಗಾಗಿ ಪಕ್ಕದಿಂದ, ಮಾತಾಡಿಸುತ್ತ ಹೋಗಬೇಕು. ದಿನಾ ಹಾಲು ಕರೆಯುವ ಅಮ್ಮ ಬಂದು ಗಂಗೆದೊಗಲು (ಕುತ್ತಿಗೆಯ ಕೆಳಗೆ ಜೋಲುವ ತೊಗಲು) ತುರಿಸಿದರಂತೂ ಮೂಗುದಾರವೂ ಬೇಡ, ಆಳುಗಳೂ ಬೇಡ.

"ನಿನ್ನೆಂದ ಹೇಂಗೋ ಇದ್ದು ಡಾಕ್ಟ್ರೇ, ಕರ ಕೂಗಿದ್ರೂ ತಿರುಗಿ ನೋಡ್ತಿಲ್ಲೆ" ಎಂದು ಆ ಅಮ್ಮ ಹೇಳಿದರೆ ನಾನದನ್ನು ಹಾಗೇ ಬರೆದುಕೊಳ್ಳುತ್ತೇನೆ. ಜ್ವರದ ಅಂಕಿ ಅದರ ಕೆಳಗೆ.